ಎರಡು ಕಚ್ಚಿನ ಬಿಲ್ಲೆ

“ಅಂಚು ಮುಕ್ಕಾಗೇತಿ. ಇನ್ನೊಂಚೂರು ತಿಕ್ಕಿದ್ರ ಪೂರಾ ಗುಂಡಗ ಆಗ್ತೈತಿ ನೋಡು!” ಎನ್ನುತ್ತ ನೇತ್ರಾ ಹಿತ್ತಾಳೆ ಬಿಲ್ಲೆಯನ್ನು ಅರದಿಂದ ಉಜ್ಜುತ್ತಲೇ ಇದ್ದಳು. ಅರ ಶಾಹಿದನ ಅಪ್ಪನ ಗ್ಯಾರೇಜಿನದು.

ಶಾಹಿದ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಪೋರ್ಚುಗೀಸ್ ಕಾಯಿನ್ ಎಲ್ಲಾ ನೋಡಿದ್ನಿ. ಒಂದರಾಗೂ ಹಿಂಗ ತಕ್ಕಡಿ ಚಿತ್ರ ಇಲ್ಲ.”

“ಚಲೋತ್ನಾಗ ಹುಡುಕೋ!”

ಮೊನ್ನೆ ಸಂಜೆ ಸೈನ್ಸ್ ಕ್ಲಬ್ಬಿನ ಮೆಟಲ್ ಡಿಟೆಕ್ಟರ್ ಹಿಡಿದು ಇಬ್ಬರೂ ಗೋವಾದ ಬೈನಾ ಬೀಚಿನಲ್ಲಿ ಅಲೆದಿದ್ದರು. ಸಿಕ್ಕಿದ್ದು ಹನ್ನೊಂದು ಸೋಡಾ ಮುಚ್ಚಳ, ಮುರಿದ ಚಮಚ, ಕೊನೆಗೆ ಈ ಎರಡು ಬಿಲ್ಲೆ. ನೇತ್ರಾಳ ಬಾಯಿಗೆ ಬೀಗವೆಲ್ಲಿದೆ? ಪೋರ್ಚುಗೀಸ್ ರಾಜನ ನಾಣ್ಯ ಸಿಕ್ಕಿದೆ ಎಂದು ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು. ನಾಳೆಯೇ ಎಕ್ಸಿಬಿಷನ್. ವಸ್ತು ಏನೆಂದು ಸರಿಯಾಗಿ ಚೀಟಿ ಬರೆಯದಿದ್ದರೆ ಟೇಬಲ್ ಇಲ್ಲ ಎಂದು ಟೀಚರ್ ಖಡಾಖಂಡಿತವಾಗಿ ಹೇಳಿದ್ದರು.

ಅಷ್ಟರಲ್ಲಿ ನೇತ್ರಾಳ ಅಜ್ಜಿ ಭಾಗವ್ವ ಬಂದು ಇನ್ನೊಂದು ಬಿಲ್ಲೆಯನ್ನು ಕೈಗೆತ್ತಿಕೊಂಡಳು. ನೋಡಲೂ ಇಲ್ಲ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು ಅಷ್ಟೇ. ಅವಳ ಮುಖ ಅರಳಿತು.

“ಅಯ್ಯ, ಊಟದ ಬಿಲ್ಲಿ! ಎಲ್ಲಿ ಸಿಕ್ತವ್ವಾ ನಿಮಗ?”

“ಊಟದ್ದಾ?”

“ಹೂಂ. ವಿರೂಪಾಕ್ಷಪ್ಪ ಸಾವಕಾರ್ರು ಬೆಳಗಾವಿಯಿಂದ ಇಲ್ಲಿಗೆ ಉಳ್ಳಾಗಡ್ಡಿ ತರಸ್ತಿದ್ರು. ನಾವು ಲಾರಿಯಿಂದ ಬುಟ್ಟಿ ಇಳಸ್ತಿದ್ವಿ. ಮಧ್ಯಾಹ್ನ ಅವರ ಖಾನಾವಳ್ಯಾಗ ತಕ್ಕಡಿ ಗುರ್ತಿನ ಈ ಬಿಲ್ಲಿ ಕೊಟ್ರ ಊಟ. ನಮಗ್ಯಾರಿಗೂ ಓದಾಕ ಬರತಿದ್ದಿಲ್ಲ, ಅದಕ್ಕ ಅಂಚಿಗೆ ಕಚ್ಚು ಹಾಕಸ್ತಿದ್ರು. ಒಂದ ಕಚ್ಚಿಗೆ ಚಾ, ಎರಡಕ್ಕ ರೊಟ್ಟಿ-ಪಲ್ಯ.”

ಅಜ್ಜಿ ನೇತ್ರಾಳ ಹೆಬ್ಬೆರಳನ್ನು ಹಿಡಿದು ಅಂಚಿನ ಮೇಲೆ ಎಳೆದಳು. ಒಂದು, ಎರಡು. ಸ್ಪಷ್ಟವಾಗಿ ಸಿಕ್ಕವು.

ನೇತ್ರಾ ತಾನು ಉಜ್ಜಿದ ಬಿಲ್ಲೆಯನ್ನು ಮೆಲ್ಲಗೆ ಚಾಚಿದಳು. “ಇದು?”

ಭಾಗವ್ವ ಎರಡು ಸಲ ಸವರಿ ನೋಡಿದಳು. “ಇದು ಏನೂ ಹೇಳವಲ್ದಲ್ಲ!”

“ನಾನ ಅಳಿಸಿಬಿಟ್ಟೆ ಅಜ್ಜಿ.” ನೇತ್ರಾಳ ಕಣ್ಣು ತುಂಬಿದವು.

ಅಜ್ಜಿ ಗೊಳ್ಳೆಂದು ನಕ್ಕಳು. “ಚಾನೋ ರೊಟ್ಟಿನೋ, ಯಾರದೋ ಪಾಲು ನೀ ನುಂಗಿದಿ ಬಿಡು!”

ಚೀಟಿ ಬರೆಯುವಾಗ ಶಾಹಿದ ಪಿಸುಗುಟ್ಟಿದ: “ಕಚ್ಚು ಇದ್ದದ್ದು ಒಂದ ಇಡೂಣು. ಯಾರಿಗೆ ಗೊತ್ತಾಗ್ತೈತಿ?”

ನೇತ್ರಾ ಬಹಳ ಹೊತ್ತು ಪೆನ್ನು ಕಚ್ಚಿದಳು. ಆಮೇಲೆ ಎರಡು ಚೀಟಿ ಬರೆದಳು.

ಮರುದಿನ ಟೀಚರ್ ಎರಡನ್ನೂ ಓದಿ, ಕಿಟಕಿಯ ಪಕ್ಕದ ಟೇಬಲ್ ತೋರಿಸಿದರು. “ರಾಜಂದು ಅಲ್ಲಾ?” ಎಂದು ಮೊದಮೊದಲು ಎಲ್ಲರೂ ಕಾಲೆಳೆದರು. ಆದರೆ ಕಣ್ಣು ಮುಚ್ಚಿ ಕಚ್ಚು ಎಣಿಸುವ ಮಜಾ ಗೊತ್ತಾದದ್ದೇ ತಡ, ಸಾಲು ವರಾಂಡ ದಾಟಿತು. ಎರಡು ಕಚ್ಚು ಎಣಿಸಿದವರೆಲ್ಲ ರೊಟ್ಟಿ-ಪಲ್ಯ ಕೇಳುವವರೇ.

ಕ್ಲಾಸಿನ ಕೀರ್ತಿ ಇನ್ನೊಂದನ್ನೂ ಸವರಿದಳು. “ಇದರಾಗ ಏನೂ ಸಿಗವಲ್ದು.”

ಶಾಹಿದ ನೆಲ ನೋಡತೊಡಗಿದ.

“ಇತ್ತು,” ಎಂದಳು ನೇತ್ರಾ. “ಅಜ್ಜಿನ್ನ ಕೇಳೂಕ್ಕಿಂತ ಮೊದಲ ನಾನ ತಿಕ್ಕಿಬಿಟ್ಟೆ.”

ಅವಳ ದನಿ ಸಣ್ಣದಾಗಲಿಲ್ಲ.