ತಮ್ಮನ ಗರಗಸಕ್ಕೊಂದು ಸ್ಟ್ಯಾಂಡ್

ಮರದಲ್ಲಿ ಅಕ್ಷರ, ಬಳ್ಳಿ ಕೊರೆಯುವ ಸಣ್ಣ ಗರಗಸದ ಮೆಷಿನ್ ಅದು. ದುಬೈಯಿಂದ ಅದನ್ನು ತಂದಿದ್ದ ತಮ್ಮ ಫಾಝಿಲ್ ತೀರಿಹೋದ ಮೇಲೆ ನನ್ನ ಪಾಲಿಗೆ ಬಂತು. ಸ್ಟ್ಯಾಂಡ್ ಹಗುರವಾದರೆ ಮೆಷಿನ್ ನಡುಗಿ ಗೆರೆ ತಪ್ಪುತ್ತದೆ. ಸುರತ್ಕಲ್ಲಿನ ನನ್ನ ಬಡಗಿ ಶೆಡ್ಡಿನಲ್ಲಿ ದಪ್ಪ ಹಲಗೆಯೊಂದು ಒರಗಿತ್ತು. ತಮ್ಮನ ಮೇಲೆ ಮಣ್ಣು ಬೀಳದಂತೆ ಖಬರಿನ ಗುಂಡಿಯೊಳಗೆ ಅಡ್ಡ ಇಡಲು ನಾನೇ ಕೊಯ್ದ ಹಲಗೆಗಳಲ್ಲಿ ಉಳಿದದ್ದಿರಬೇಕು ಎಂದುಕೊಂಡು ಅದನ್ನೇ ಸ್ಟ್ಯಾಂಡಿಗೆ ಜೋಡಿಸಿದೆ.

ಮೆಷಿನ್ ಓಡಿಸಿದರೆ, ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ ಒಂದಿಷ್ಟೂ ನಡುಗಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಹಲಗೆ ತಣ್ಣಗಿತ್ತು. ಬಿಸಿಲಿಗಿಟ್ಟರೂ ಅಡಿಭಾಗದ ಪಸೆ ಆರಲಿಲ್ಲ. ಗುಡಿಸಿ ಹೋದ ನೆಲದ ಮೇಲೆ ಬೆಳಿಗ್ಗೆ ಕೆಂಪು ಮಣ್ಣು ಉದುರಿರುತ್ತಿತ್ತು.

ತಮ್ಮನ ದಫನದ ದಿನ ಖಬರಿಗಿಳಿದು ಹಲಗೆ ಜೋಡಿಸಿದ್ದ ನೆರೆಮನೆಯ ರವೂಫಾಕರನ್ನು ಉಳಿದ ಹಲಗೆಯ ಬಗ್ಗೆ ಕೇಳಿದೆ.

“ಉಳಿದದ್ದು ಎಂತದು ಮಾರಾಯ? ಒಂದೂ ಉಳಿಯಲಿಲ್ಲ,” ಎಂದರು. “ತಲೆಯ ಕಡೆಯದ್ದನ್ನು ಕೊನೆಗೆ ನನ್ನ ಕೈಗೆ ಕೊಟ್ಟದ್ದು ನೀನೇ ಅಲ್ವಾ?”

ಕೊಟ್ಟದ್ದು ನನಗೂ ನೆನಪುಂಟು.

ಅಂದೇ ಪಳ್ಳಿಯ ಖಬರಸ್ತಾನಕ್ಕೆ ಹೋದೆ. ಫಾಝಿಲನ ತಲೆಯ ಕಡೆ ಮಣ್ಣು ಒಂದು ಹಲಗೆಯ ಅಗಲಕ್ಕೆ ಕುಸಿದಿತ್ತು. ಹಲಗೆ ಹಿಂದಕ್ಕಿಡಲು ಖಬರು ತೆರೆಯುವಂತಿಲ್ಲ. ಪ್ರತಿ ಶುಕ್ರವಾರ ಅದೇ ಮಸೀದಿಯಲ್ಲಿ ನಮಾಝ್ ಮುಗಿಸಿ ಮಣ್ಣು ಹೊತ್ತು ಹಾಕುತ್ತೇನೆ. ಅದು ತುಂಬುವುದಿಲ್ಲ.