ದ್ವೀಪದಿಂದ ದೋಣಿ ತಂದ ದಿನ

ದೋಣಿ ಹೊಲಿಗೆಯಕ್ಕನ ತಮ್ಮನದು. ಹನ್ನೊಂದು ತಿಂಗಳ ಹಿಂದೆ ಅದು ಯಾರೂ ಇಲ್ಲದೆ, ಹಾಯಿ ಬಿಚ್ಚಿಕೊಂಡೇ, ದೂರದ ದ್ವೀಪದ ಮರಳಿಗೆ ಬಂದು ನಿಂತಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಫ್ಲಾಸ್ಕಿನಲ್ಲಿ ಚಹಾ ಇನ್ನೂ ಬೆಚ್ಚಗಿತ್ತೆಂದು ದೋಣಿಯನ್ನು ಮೊದಲು ಕಂಡ ಮೀನುಗಾರ ಹೇಳಿದ. ತಮ್ಮ ಮಾತ್ರ ಸಿಗಲಿಲ್ಲ. ಆಮೇಲೂ ಸಿಗಲಿಲ್ಲ.

ಆ ಬೆಳಿಗ್ಗೆ ಅವನ ಪಕ್ಕದಲ್ಲೇ ಹಾದುಹೋದ ದೋಣಿಯವರು, ಅವನು ಲೈಫ್ ಜಾಕೆಟ್ ಇಲ್ಲದೆ ಬರೀ ಅಂಗಿಯಲ್ಲಿ ನಿಂತಿದ್ದ ಎಂದರು. ಅಷ್ಟು ಕೇಳಿದ ಮೇಲೆ ಯಾರಿಗೂ ಬೇರೇನೂ ಕೇಳಬೇಕೆನಿಸಲಿಲ್ಲ. "ಚಿಕ್ಕಂದಿನಿಂದ ಉಡಾಫೆ," ಎಂದು ಅವನ ತಾಯಿ ಬಂದವರೆದುರೆಲ್ಲ ಹೇಳಿ ಅಳುತ್ತಿದ್ದಳು.

ಎರಡು ತಿಂಗಳ ಹಿಂದೆ ದ್ವೀಪದಿಂದ ಸುದ್ದಿ ಬಂತು: ಗಾಳಿಯ ಕಾಲ ಶುರುವಾಗುವ ಮುಂಚೆ, ಇಲ್ಲಿನ ಕಟ್ಟೆಗೆ ಕಟ್ಟಿಟ್ಟ ದೋಣಿ ಒಯ್ಯಿರಿ, ಇಲ್ಲದಿದ್ದರೆ ಕಟ್ಟೆಯ ಕಲ್ಲಿಗೆ ಬಡಿದು ಚೂರಾಗುತ್ತದೆ.

ತಮ್ಮನ ಹೆಂಡತಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಸುದ್ದಿ ತಿಳಿದದ್ದೇ ಅವಳು ಡ್ಯೂಟಿಯ ಬಟ್ಟೆಯಲ್ಲೇ ಬಂದರಿನ ಹಾಯಿ ಹೊಲಿಯುವ ಅಂಗಡಿಗೆ ಬಂದಳು. ನೆಲದ ತುಂಬ ಹರಡಿದ ಬಿಳಿ ಹಾಯಿಯ ನಡುವೆ ಮಂಡಿಯೂರಿ ಕೂತಿದ್ದವಳು ತಮ್ಮನ ಅಕ್ಕ. ಬಂದರಿನವರಿಗೆಲ್ಲ ಅವಳು ಹೊಲಿಗೆಯಕ್ಕ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಹಾಯಿಗಳೆಲ್ಲ ಅವಳ ಸೂಜಿಯ ಕೆಳಗೆ ಹಾದುಹೋಗಿದ್ದವು. ಅವಳು ಮಾತ್ರ ಒಂದು ದಿನವೂ ಹಾಯಿದೋಣಿ ಹತ್ತಿದವಳಲ್ಲ.

"ಅತ್ತಿಗೆ, ದೋಣಿ ತರೋಣ," ಎಂದಳು ನರ್ಸ್. "ಅವರನ್ನಂತೂ ತರೋಕಾಗಲಿಲ್ಲ."

"ಯಾರಿಗಾದ್ರೂ ಹೇಳಿದ್ರೆ ಮೋಟಾರು ದೋಣಿಗೆ ಕಟ್ಟಿ ಎಳ್ಕೊಂಡು ಬರ್ತಾರೆ ಕಣೇ."

"ಸತ್ತ ದನ ಎಳ್ಕೊಂಡು ಬಂದ ಹಾಗೆ ಬರೋದು ಬೇಡ. ಹಾಯಿ ಹಾಕ್ಕೊಂಡೇ ಬರಲಿ. ನಾವೇ ತರೋಣ."

ಹೊಲಿಗೆಯಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಎದ್ದು ಅವಳ ಜೊತೆ ಹೊರಟಳು.

ಬಂದರಿನಲ್ಲಿ ಹಾಯಿದೋಣಿ ಕಲಿಸುವ ಮುದುಕರೊಬ್ಬರಿದ್ದರು. ತಮ್ಮನಿಗೂ ಕಲಿಸಿದವರು ಅವರೇ. ಮೇಷ್ಟ್ರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಆರು ವಾರ ಕಲೀಬೇಕು," ಎಂದರು. "ಆಮೇಲೂ ನಾನು ಜೊತೆಗಿರ್ತೀನಿ. ನಾನು ಬೇಡ ಅಂದ ದಿನ ಹೊರಡೋ ಹಾಗಿಲ್ಲ. ಒಪ್ಪಿಗೆ ಇದ್ರೆ ನಾಳೆ ಬನ್ನಿ."

ಮೊದಲ ದಿನ ಅವರು ದೋಣಿಯನ್ನೇ ಹತ್ತಲಿಲ್ಲ. ಜಾಕೆಟ್ ತೊಡುವುದು, ಪಟ್ಟಿಯ ಕೆಳಗೆ ಹೆಬ್ಬೆರಳಷ್ಟೇ ತೂರುವಂತೆ ಬಿಗಿಯುವುದು, ಜಾಕೆಟಿನ ಎದೆಯ ಮೇಲಿನ ಲೋಹದ ಬಳೆಗೆ ಹಗ್ಗ ಸಿಕ್ಕಿಸಿ ಅದರ ಇನ್ನೊಂದು ತುದಿಯ ಕೊಕ್ಕೆಯನ್ನು ದೋಣಿಗೆ ಹಾಕುವುದು, ಇಷ್ಟನ್ನೇ ಸಾಯಂಕಾಲದವರೆಗೆ ಮಾಡಿಸಿದರು. ಎರಡನೆಯ ವಾರ ಬೇಕೆಂದೇ ಚಿಕ್ಕ ದೋಣಿಯನ್ನು ಮಗುಚಿ ಇಬ್ಬರಿಗೂ ಉಪ್ಪುನೀರು ಕುಡಿಸಿದರು. ನರ್ಸ್ ಬೇಗ ಕಲಿತಳು. ಹೊಲಿಗೆಯಕ್ಕ ಪ್ರತಿ ಸಲ ಜಾಕೆಟಿನ ಪಟ್ಟಿ ಹಿಡಿದಾಗ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಿದ್ದಳು.

"ಬಿಗಿಯಾಯ್ತಾ?" ಮೇಷ್ಟ್ರು ಕೇಳುತ್ತಿದ್ದರು.

"ಇಲ್ಲ, ಸರಿಯಾಗಿದೆ."

ಏಳನೆಯ ವಾರದ ಒಂದು ದಿನ ಮೂವರೂ ಲಾಂಚಿನಲ್ಲಿ ದ್ವೀಪಕ್ಕೆ ಹೋದರು. ಮರುದಿನ ಬೆಳಿಗ್ಗೆ ಮೇಷ್ಟ್ರು ಹವಾಮಾನ ವರದಿಯನ್ನು ಎರಡು ಸಲ ಕೇಳಿದರು. ಗಾಳಿ ಏರುವುದು ಮಧ್ಯಾಹ್ನದ ಮೇಲೆ. ಬಂದರಿನ ಕಚೇರಿಗೆ ಫೋನ್ ಮಾಡಿ, "ಮೂರು ಜನ ಹೊರಡ್ತಿದೀವಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಕಾಣಿಸದಿದ್ರೆ ಹುಡುಕೋಕೆ ಬನ್ನಿ," ಎಂದರು.

ಆರೂವರೆಗೆ ಹಾಯಿ ಏರಿತು.

ಅಂಗಡಿಯ ನೆಲದ ಮೇಲೆ ಹೆಣದಂತೆ ಬಿದ್ದಿರುತ್ತಿದ್ದ ಬಟ್ಟೆ ಗಾಳಿ ತುಂಬಿಕೊಂಡು ಎದೆಯುಬ್ಬಿಸಿದ್ದನ್ನು ಹೊಲಿಗೆಯಕ್ಕ ತಲೆಯೆತ್ತಿ ನೋಡಿದಳು. ಆ ಹೊಲಿಗೆಗಳೆಲ್ಲ ಅವಳವೇ. ಹಿಂದೆ ದ್ವೀಪದ ಗುಡ್ಡ ಕರಗುತ್ತ ಕರಗುತ್ತ ನೀಲಿಯಾಯಿತು. ಮುಂದೆ ದಡವಿನ್ನೂ ಕಾಣುತ್ತಿರಲಿಲ್ಲ. ಬರೀ ನೀರು, ತಗಡಿನ ಹಾಳೆಯನ್ನು ಸಾವಿರ ಕಡೆ ಮಡಿಸಿ ಬಿಚ್ಚಿದಂತೆ ಬೆಳಕು ಹೊಳೆಸುತ್ತ ಹರಡಿಕೊಂಡಿತ್ತು. ದೋಣಿಯ ಹೊಟ್ಟೆಯ ಕೆಳಗೆ ನೀರು ಗುಳುಗುಳು ಎನ್ನುತ್ತಿತ್ತು. ಇಷ್ಟು ಚೆಂದದ ಜಾಗದಲ್ಲಿ ತಮ್ಮ ಹೋದನೇ ಎಂದುಕೊಂಡಳು. ಚುಕ್ಕಾಣಿ ಹಿಡಿದಿದ್ದ ನರ್ಸ್, ಗಂಡ ಕೂರುತ್ತಿದ್ದ ಹಲಗೆಯನ್ನು ಬಿಟ್ಟು ಅದರ ಪಕ್ಕದಲ್ಲಿ ಕೂತಿದ್ದಳು.

ಹತ್ತು ಗಂಟೆಗೆ ಮೇಷ್ಟ್ರು ಹಿಂದೆ ತಿರುಗಿ ಕಣ್ಣು ಕಿರಿದು ಮಾಡಿದರು. ದೂರದ ನೀರಿನ ಮೇಲೆ ಒಂದು ಕಪ್ಪು ಗೆರೆ.

"ಗಾಳಿ ಬೇಗ ಬಂತು. ಹಾಯಿ ಕುಗ್ಗಿಸೋಣ, ಈಗಲೇ," ಎನ್ನುತ್ತ ಎದ್ದರು.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹಾಯಿಯ ಬುಡದ ಅಡ್ಡಮರ ಒಂದು ಬದಿಯಿಂದ ಇನ್ನೊಂದು ಬದಿಗೆ ರಪ್ಪನೆ ಬೀಸಿತು. ಮೇಷ್ಟ್ರ ಹೆಗಲಿಗೆ ಬಡಿಯಿತು.

ಅವರು ಕುಸಿದು ಕೂತರು. ಬಲಗೈ ಜೋತುಬಿದ್ದಿತ್ತು.

"ಕಾಲರ್ ಮೂಳೆ ಮುರಿದಿದೆ," ಎಂದಳು ನರ್ಸ್, ಒಂದು ಕೈ ಚುಕ್ಕಾಣಿಯ ಮೇಲಿಟ್ಟು ಇನ್ನೊಂದರಲ್ಲಿ ಅವರ ಹೆಗಲು ಮುಟ್ಟಿ.

"ಮೂಳೆ ಆಮೇಲೆ," ಮೇಷ್ಟ್ರ ಮುಖ ಬೆವೆತಿತ್ತು. "ದೋಣಿಯ ಮೂತಿ ಗಾಳಿಗೆ ತಿರುಗಿಸು. ಒಬ್ಬರು ಹಾಯಿಕಂಬದ ಹತ್ತಿರ ಹೋಗಿ ಹಾಯಿ ಅರ್ಧಕ್ಕೆ ಇಳಿಸ್ಬೇಕು."

"ನಾನು ಹೋಗ್ತೀನಿ," ಎಂದಳು ಹೊಲಿಗೆಯಕ್ಕ. "ಆ ಹಾಯಿ ನನಗೆ ಗೊತ್ತು."

"ಮೊದಲು ಕೊಕ್ಕೆ."

ಅವಳು ಕೊಕ್ಕೆ ಹಾಕಿಕೊಂಡಳು. ಮಂಡಿಯ ಮೇಲೆ ಮುಂದೆ ತೆವಳಿದಳು. ಗಾಳಿಯೊಡನೆ ಬಂದ ಮಳೆ ಮುಖಕ್ಕೆ ಕಲ್ಲಿನಂತೆ ಹೊಡೆಯುತ್ತಿತ್ತು. ಕಂಬ ತಬ್ಬಿಕೊಂಡು ಹಗ್ಗ ಸಡಿಲಿಸಿ ಹಾಯಿಯನ್ನು ಕೆಳಗೆಳೆದಳು. ಹಾಯಿಯಲ್ಲಿ ಸಾಲಾಗಿ ಐದು ತೂತುಗಳಿದ್ದವು. ಹಿತ್ತಾಳೆಯ ಬಳೆ ಕೂರಿಸಿ ಅವಳೇ ಮಾಡಿದವು. ಅವು ಯಾತಕ್ಕೆಂದು ಕೈಗೆ ಗೊತ್ತಾದದ್ದು ಆಗಲೇ. ಒಂದಕ್ಕೆ ಹಗ್ಗ ತೂರಿಸಿ, ಇಳಿದ ಹಾಯಿಯನ್ನು ಅಡ್ಡಮರಕ್ಕೆ ಬಿಗಿದಳು. ಎರಡು. ಮೂರು.

ಅಲೆ ಪಕ್ಕದಿಂದ ಬಂತು. ಅವಳು ಅದನ್ನು ನೋಡಲೇ ಇಲ್ಲ.

ಮುಂದಿನ ಗಳಿಗೆಯಲ್ಲಿ ಕಾಲ ಕೆಳಗೆ ಏನೂ ಇರಲಿಲ್ಲ. ಕಿವಿಯ ತುಂಬ ನೀರು. ಎದೆಗೆ ಯಾರೋ ಒದ್ದಂತೆ ಹಗ್ಗ ಜಗ್ಗಿ ನಿಂತಿತು. ಸೊಂಟದವರೆಗೆ ಸಮುದ್ರದಲ್ಲಿ, ದೋಣಿಯ ಪಕ್ಕೆಗೆ ಜೋತಾಡುತ್ತಿದ್ದಳು.

"ಹಾಯಿಯ ಹಗ್ಗ ಬಿಟ್ಬಿಡು, ದೋಣಿ ನಿಲ್ಲುತ್ತೆ," ಮೇಷ್ಟ್ರು ಕೂಗಿದರು.

ನರ್ಸ್ ಬಿಟ್ಟಳು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಿಂತಿತು. ಅವಳು ತನ್ನ ಕೊಕ್ಕೆ ಮುಟ್ಟಿ ನೋಡಿಕೊಂಡು ತೆವಳಿ ಬಂದು ಅತ್ತಿಗೆಯ ಜಾಕೆಟನ್ನು ಎರಡೂ ಕೈಯಲ್ಲಿ ಹಿಡಿದಳು.

"ದೋಣಿ ಈ ಕಡೆ ವಾಲಿದಾಗ ಎಳೀತೀನಿ. ಅತ್ತಿಗೆ, ಕಾಲು ಒದೀರಿ. ಈಗ."

ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಹೊಲಿಗೆಯಕ್ಕ ದೋಣಿಯೊಳಗೆ ಬೋರಲು ಬಿದ್ದು ಕೆಮ್ಮಿ ಕೆಮ್ಮಿ ನೀರು ಕಾರಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, "ಇನ್ನೆರಡು ಉಳಿದಿವೆ," ಎಂದಳು. ಮತ್ತೆ ಮುಂದೆ ತೆವಳಿಹೋಗಿ ಅವೆರಡನ್ನೂ ಬಿಗಿದೇ ಬಂದಳು.

ಅರ್ಧ ಹಾಯಿಯಲ್ಲಿ ದೋಣಿ ಸಂಭಾಳಿಸಿಕೊಂಡಿತು. ನರ್ಸ್ ಮೇಷ್ಟ್ರ ಕೈಯನ್ನು ಎದೆಗೆ ಕಟ್ಟಿದಳು. ದೋಣಿಯ ಪಕ್ಕೆಗೆ ಬಡಿದು ಹೊಲಿಗೆಯಕ್ಕನ ಹುಬ್ಬಿಗಾದ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಳು.

"ಒಂದು ಜಾಕೆಟ್ಟು, ಒಂದು ಹಗ್ಗ. ಇಷ್ಟೇ ಬೇಕಾಗಿದ್ದದ್ದು," ಎಂದಳು. "ನಾನು ಮನೇಲಿ ಕಾಯ್ತಾ ಇರ್ತೀನಿ ಅನ್ನೋದು ಅವರಿಗೆ ನೆನಪೇ ಆಗಲಿಲ್ಲ, ಅಲ್ವಾ ಅತ್ತಿಗೆ?"

ಹೊಲಿಗೆಯಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಅವನ ಜಾಕೆಟ್ ನನ್ನ ಅಂಗಡೀಲಿತ್ತು."

"ಯಾವಾಗ?"

"ಆವತ್ತು. ಕುತ್ತಿಗೆ ಪಟ್ಟಿ ಉಜ್ಜುತ್ತೆ, ಸರಿಮಾಡಿಕೊಡು ಅಂತ ತಂದುಕೊಟ್ಟಿದ್ದ. ಭಾನುವಾರ ಬೇಕು ಅಂದಿದ್ದ. ನಾನು ಮುಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂದ. ನಾಳೆ ಕೊಡ್ತೀನಿ ಹೋಗೋ ಅಂದೆ. ನಕ್ಕೊಂಡು ಹೋದ. ಹಾಗೇ ಸಮುದ್ರಕ್ಕೆ ಹೋಗ್ತಾನೆ ಅಂದ್ಕೊಳ್ಳಲಿಲ್ಲ ಕಣೇ."

ನರ್ಸ್ ಕೈ ಬಿಡಿಸಿಕೊಂಡಳು. ಹೋಗಿ ಚುಕ್ಕಾಣಿ ಹಿಡಿದು ಕೂತಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, "ಸ್ವಲ್ಪ ಎಡಕ್ಕೆ," ಎಂದಷ್ಟೇ ಹೇಳಿದರು.

ಒಂದು ಗಂಟೆ ಕಳೆಯಿತು. ಮಳೆ ನಿಂತಿತು. ದಡದ ಬೂದುಗೆರೆ ನಿಧಾನವಾಗಿ ಮನೆಗಳಾಗಿ, ಗೋದಾಮುಗಳಾಗಿ ಬಿಡಿಸಿಕೊಂಡಿತು.

"ಅವರ ಕುತ್ತಿಗೆ ಕೆಂಪಾಗಿತ್ತು," ಎಂದಳು ನರ್ಸ್, ದಡವನ್ನೇ ನೋಡುತ್ತ. "ನಾನೇ ಮುಲಾಮು ಹಚ್ಚಿದ್ದೆ. ಬೇರೆಯವರದ್ದಾದ್ರೂ ಕೇಳಿ ಹಾಕ್ಕೋಬಹುದಿತ್ತು. ಅಷ್ಟು ತಪ್ಪು ಅವರದ್ದೇ. ಆದ್ರೆ ನನ್ನ ಮರೆತು ಹೋದವರಲ್ಲ." ಅವಳ ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. "ಹನ್ನೊಂದು ತಿಂಗಳು ಅವರ ಫೋಟೋನ ಗೋಡೆ ಕಡೆ ತಿರುಗಿಸಿಟ್ಟಿದ್ದೆ. ನೀವು ಮನೆಗೆ ಬಂದಾಗಲೆಲ್ಲ ನೋಡಿದ್ರಿ. ನೋಡ್ಕೊಂಡು ಸುಮ್ಮನಿದ್ರಿ."

"ಸುಮ್ಮನಿದ್ದೆ," ಎಂದಳು ಹೊಲಿಗೆಯಕ್ಕ.

ಹನ್ನೆರಡೂ ಮುಕ್ಕಾಲಿಗೆ ದೋಣಿ ಬಂದರಿನ ಬಾಯಿ ದಾಟಿತು. ಒಳಗೆ ನೀರು ಕೊಳದಂತಿತ್ತು. ನರ್ಸ್ ಮೇಷ್ಟ್ರು ಹೇಳಿದಂತೆ ಮೂತಿ ತಿರುಗಿಸಿದಳು, ಹೊಲಿಗೆಯಕ್ಕ ಹಾಯಿ ಇಳಿಸಿದಳು. ದೋಣಿ ಕಟ್ಟೆಗೆ ಮೆಲ್ಲಗೆ ಒರಗಿತು. ಕಚೇರಿಯವರು ಓಡಿಬಂದು ಮೇಷ್ಟ್ರನ್ನು ಎತ್ತಿಕೊಂಡರು.

"ಹೊಸಬರು ತಂದದ್ದು," ಎಂದರು ಮೇಷ್ಟ್ರು ಅವರಿಗೆ, ಹಲ್ಲು ಕಚ್ಚಿ ನೋವು ತಡೆದುಕೊಳ್ಳುತ್ತ. "ನೋಡಿ, ಒಂದು ಗೀರಿಲ್ಲ."

ಕಟ್ಟೆಯ ಬೆಂಚಿನ ಮೇಲೆ ತಾಯಿ ಕೂತಿದ್ದಳು. ಬೆಳಿಗ್ಗೆಯಿಂದ ಅಲ್ಲಿಯೇ ಇದ್ದಳಂತೆ. ಎದ್ದು ಬಂದು ಬಗ್ಗಿ, ದೋಣಿಯ ಒದ್ದೆ ಅಂಚನ್ನು ಅಂಗೈಯಿಂದ ಸವರಿದಳು. ಮತ್ತೆ ಹೋಗಿ ಕೂತಳು.

ಹಗ್ಗ ಕಟ್ಟಿ ಮುಗಿಸಿದ ನರ್ಸ್ ಸೊಂಟ ನೆಟ್ಟಗೆ ಮಾಡಿಕೊಂಡಳು. "ಅತ್ತೆಗೆ ಇವತ್ತೇ ಹೇಳಿ. ನೀವೇ ಹೇಳ್ಬೇಕು."

"ನೀನು ಇರ್ತೀಯಾ?"

ನರ್ಸ್ ಜಾಕೆಟಿನ ಪಟ್ಟಿ ಬಿಚ್ಚಿದಳು. "ನನ್ನ ಸಿಟ್ಟು ಹೋಗಿಲ್ಲ ಅತ್ತಿಗೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ಇರ್ತೀನಿ."

ಇಬ್ಬರೂ ಕಟ್ಟೆಯ ಮೇಲೆ ನಡೆದರು. ಗಟ್ಟಿ ನೆಲದ ಮೇಲೂ ಹೊಲಿಗೆಯಕ್ಕನ ಕಾಲು ತೇಲುತ್ತಿತ್ತು. ಬೆಂಚಿನ ಒಂದು ತುದಿಗೆ ನರ್ಸ್ ಕೂತಳು, ಇನ್ನೊಂದು ತುದಿಗೆ ಅವಳು ಕೂತು ತಾಯಿಯ ಕೈಯನ್ನು ತನ್ನ ಒದ್ದೆ ಕೈಯೊಳಗೆ ತೆಗೆದುಕೊಂಡಳು.

"ಅಮ್ಮಾ," ಎಂದಳು. "ಅವನು ಉಡಾಫೆ ಅಲ್ಲ."