ಗುಡ್ಡಿಯೂ ಬರಬೇಕು

ಯಾದಗಿರಿ ಸ್ಟೇಷನ್ ಹಿಂದಿನ ಓಣಿಯ ಆ ಒಂದೇ ಕೋಣೆಯ ಮನೆಗೆ ನುಜ್ಹತ ಕಾಲಿಟ್ಟದ್ದೇ ತಡ, ಹೊಸ ಚಾದರ ಹಾಸಿದ ಮಂಚದ ಮೇಲೆ ಕೂರಿಸಿದರು. ಹೆಸರು ಕೇಳುವ ಮೊದಲೇ ನೆರೆಮನೆಯಿಂದ ತಂದ ಕಪ್ಪಿನಲ್ಲಿ ಚಹಾ ಬಂತು. ಟ್ರೇ ಹಿಡಿದು ತಲೆ ತಗ್ಗಿಸಿ ನಿಂತವಳು ಹಿರಿಯ ಮಗಳು ಮಜೀದಾ.

“ಅಡಗಿ, ಹೊಲಿಗಿ ಎಲ್ಲಾ ಬರ್ತದ್ರಿ ಈಕಿಗಿ,” ಎಂದಳು ತಾಯಿ ದಾವಲಬೀ. “ಗಂಡಿನ ಕಡೆಯಿಂದ ನೀವೊಬ್ರೇ ಬಂದೀರೇನ್ರಿ?”

ನುಜ್ಹತ ನಕ್ಕಳು. “ಖಾಲಾ, ನಾ ಟೀಚರ್ ರೀ. ವಿಶೇಷ ಚೇತನ ಮಕ್ಕಳನ್ನ ಸಾಲಿಗಿ ಸೇರಸ್ತೀನಿ. ನಡೀಲಾರದ ಸಣ್ಣ ಹುಡುಗಿ ಇಲ್ಲಿ ಇದ್ದಾಳಂತ ಅಂಗನವಾಡಿಯವ್ರು ಹೇಳಿದ್ರು.”

ದಾವಲಬೀಯ ಮುಖ ಬಿಳಿಚಿತು. “ಅಂಥಾಕಿ ಯಾರೂ ಇಲ್ರಿ.”

“ನಾ ಇದ್ದೀನಲ್ಲ!” ಹಳೇ ಸೀರೆಯ ಪರದೆಯ ಹಿಂದಿನಿಂದ ದನಿ ಬಂತು.

ನುಜ್ಹತಳಿಗೆ ಅರ್ಥವಾಯಿತು. ತಂಗಿಯನ್ನು ಕಂಡರೆ ಅಕ್ಕನ ಸಂಬಂಧ ಮುರಿದೀತೆಂಬ ಭಯ. ಬಾಗಿಲಲ್ಲಿದ್ದ ಮಗ ನವಾಜ್ ಅವಳ ನೋಟ ಎದುರಿಸಲಾರದೆ ನೆಲ ನೋಡಿದ.

ಅಷ್ಟರಲ್ಲಿ ಹೊರಗೆ ಆಟೊ ನಿಂತಿತು. ನಿಜವಾದ ಗಂಡಿನ ಕಡೆಯವರು.

“ಪರದೆ ಸರಿಮಾಡೋ ನವಾಜ್,” ತಾಯಿ ಪಿಸುಗುಟ್ಟಿದಳು.

ಅವನು ಪರದೆಯನ್ನೇ ಸರಿಸಿದ. ತಂಗಿ ಗುಡ್ಡಿಯನ್ನು ಎತ್ತಿಕೊಂಡು ಬಂದು ಕೋಣೆಯ ನಡುವೆ ನಿಂತ. “ಮುಚ್ಚಿಟ್ಟಿದ್ದು ಸಾಕು ಅಮ್ಮಿ.”

ಆಗ ಅವನ ಕಣ್ಣು ನೆಲದ ಮೇಲಿರಲಿಲ್ಲ. ನುಜ್ಹತಳಿಗೆ ಅವನು ಹಿಡಿಸಿದ್ದು ಆಗಲೇ.

ಬಂದವರು ಗುಡ್ಡಿಯನ್ನು ನೋಡಿ, ಅರ್ಧ ಚಹಾ ಬಿಟ್ಟು ಎದ್ದರು. ದಾವಲಬೀ ಅತ್ತಳು. ಮಜೀದಾ ಟ್ರೇ ಕೆಳಗಿಟ್ಟು, ಬೀಗರಿಗೆಂದು ತಂದಿಟ್ಟ ಬಾಳೆಹಣ್ಣು ಸುಲಿದಳು. “ನನ್ನ ತಂಗಿ ಎದುರು ಕೂಡಲಾರದವ್ರ ಮನಿಗಿ ಹೋಗಿ ನಾ ಏನ್ ಮಾಡ್ಲಿ?”

“ನನಗೂ ಒಂದು!” ಎಂದಳು ಗುಡ್ಡಿ.

ಶಾಲೆಗೆ ಸೇರಿದ್ದಾಯಿತು. ಆದರೆ ನೆಲದ ಮೇಲೆ ಕೂತರೆ ಗುಡ್ಡಿ ಪಕ್ಕಕ್ಕೆ ವಾಲುತ್ತಿದ್ದಳು. ಟಂಟಂ ಆಟೊಗಳ ಸೀಟು ಹೊಲಿಯುವ ನವಾಜ್, ಕೆಂಪು ರೆಕ್ಸಿನ್ನಿನಲ್ಲಿ ಬೆನ್ನಾಸರೆ, ಬೆಲ್ಟು ಇರುವ ಪುಟ್ಟ ಸೀಟು ಮಾಡಿ ತಂದ.

“ಹಾರ್ನ್ ಹಚ್ಚಿಲ್ಲೇನ್ರಿ ಇದಕ್ಕ?” ನುಜ್ಹತ ಕೆಣಕಿದಳು.

“ಬ್ಯಾಡ್ರಿ ಟೀಚರ್. ಅದರಾಗ ಕೂಡಾಕಿ ಬಾಯಿನೇ ಸಾಕು.”

ಹರಿಯದ ಬೆಲ್ಟು ಹೊಲಿಯಲು ಅವನು ವಾರವಾರ ಶಾಲೆಗೆ ಬರತೊಡಗಿದ. ಹರಿದಿಲ್ಲವೆಂದು ಅವಳೂ ಹೇಳಲಿಲ್ಲ.

ಮರುವರ್ಷದ ಸ್ವಾತಂತ್ರ್ಯ ದಿನದಂದು ಗುಡ್ಡಿ ಮೈಕಿನ ಮುಂದೆ ಒಂದು ಪುಟ ತಡವರಿಸದೆ ಓದಿದಳು. ಚಪ್ಪಾಳೆಯ ನಡುವೆ ದಾವಲಬೀ ಎದ್ದು ನಿಂತು, ಕೇಳಿದವರಿಗೂ ಕೇಳದವರಿಗೂ ಹೇಳಿದಳು: “ನನ್ನ ಮಗಳ್ರೀ ಆಕಿ! ನನ್ನ ಮಗಳು!”

ನವಾಜ್ ನುಜ್ಹತಳ ಬಳಿ ಸರಿದ. “ಅಮ್ಮಿನ್ನ ಶಹಾಪುರಕ್ಕ, ನಿಮ್ಮ ಮನಿಗಿ ಕಳಸ್ಲೇನ್ರಿ?”

ಅವಳ ಕಿವಿ ಕೆಂಪಾಯಿತು. “ಕಳಸ್ರಿ. ಖರೆ, ಗುಡ್ಡಿನೂ ಬರಬೇಕು.”

ಆ ಶುಕ್ರವಾರ ನುಜ್ಹತ ಟ್ರೇ ಹಿಡಿದು ಹೊರಬಂದಾಗ ಎಲ್ಲರಿಗಿಂತ ಮುಂದೆ ಕೆಂಪು ಸೀಟು. ಅದರಲ್ಲಿ ಶಾಲೆಯ ಯೂನಿಫಾರ್ಮ್ ತೊಟ್ಟ ಗುಡ್ಡಿ, ಬಲು ಗಂಭೀರ.

“ಏನೇನ್ ಅಡಗಿ ಬರ್ತದ?”

“ಚಹಾ ಅಷ್ಟೇ ಬರ್ತದ್ರಿ,” ಎಂದಳು ನುಜ್ಹತ ತಲೆ ತಗ್ಗಿಸಿ.

ಗುಡ್ಡಿ ಒಂದು ಗುಟುಕು ಕುಡಿದು, ಅಣ್ಣನತ್ತ ತಿರುಗಿದಳು.

“ಪಾಸ್, ಭಾಯಿ.”